ಹಸ್ತಪ್ರತಿಯಲ್ಲಿ ‘ಅವಳು’, ‘ಅವರು’ ಕಲಸಿಹೋಗಿವೆ, ತಿದ್ದುವುದು ಹೇಗೆ?

ವಠಾರದ ಕಥೆ (ಪ್ರಶ್ನೆ)

ನಮಸ್ಕಾರ. ನಾಲ್ಕು ವರ್ಷ ಕೂತು ಬರೆದ ಕಾದಂಬರಿಯನ್ನು ಈಗ ನಾನೇ ತಿದ್ದುತ್ತಿದ್ದೇನೆ. 23 ಅಧ್ಯಾಯ, ಸುಮಾರು 58,000 ಪದ. ಕಥೆ ನಡೆಯುವುದು 1986ರಲ್ಲಿ, ಬೆಂಗಳೂರಿನ ಹನುಮಂತನಗರದ ವಠಾರವೊಂದರಲ್ಲಿ. ಮುಖ್ಯ ಪಾತ್ರ ಸಾವಿತ್ರಮ್ಮನಿಗೆ ಐವತ್ತೆಂಟು ವರ್ಷ. ನಿರೂಪಣೆ ಎರಡನೆಯ ಅಧ್ಯಾಯದಲ್ಲಿ ಆಕೆಯನ್ನು ‘ಅವಳು’ ಎನ್ನುತ್ತದೆ, ಐದರಲ್ಲಿ ‘ಅವರು’, ಒಂಬತ್ತರಲ್ಲಿ ಒಂದೇ ಪುಟದಲ್ಲಿ ಎರಡೂ.

ನಿನ್ನೆ ರಾತ್ರಿ ಬೇಸತ್ತು ಎಲ್ಲ ‘ಅವಳು’ಗಳನ್ನೂ ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ‘ಅವರು’ ಮಾಡಿದೆ. ಈಗ ‘ಅವರು ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು’ ಎಂಬಂಥ ವಾಕ್ಯಗಳು ತುಂಬಿವೆ. ಏಳು ವರ್ಷದ ಮೊಮ್ಮಗಳೂ ‘ಅವರು’ ಆಗಿದ್ದಾಳೆ. ಕಡತವನ್ನು ಹಾಗೆಯೇ ಉಳಿಸಿ ಮುಚ್ಚಿಬಿಟ್ಟೆ. ದಯವಿಟ್ಟು ದಾರಿ ತೋರಿಸಿ.

ಕೆಂಪು ಪೆನ್ಸಿಲ್

ಮೇಡಂ, ಮೊದಲು ಹಳೆಯ ಪ್ರತಿಯನ್ನು ಹುಡುಕಿ. ಯಾರಿಗಾದರೂ ಓದಲು ಇಮೇಲ್ ಮಾಡಿದ್ದರೆ ಅಲ್ಲಿ ಇದ್ದೇ ಇರುತ್ತದೆ. ಈಗಿನ ಕಡತವನ್ನು ರಿಪೇರಿ ಮಾಡಲು ಹೋಗಬೇಡಿ.

ಕನ್ನಡದಲ್ಲಿ ಈ ಕೆಲಸ ಯಂತ್ರದಿಂದ ಆಗುವುದಿಲ್ಲ. ಸರ್ವನಾಮ ಬದಲಾದರೆ ಕ್ರಿಯಾಪದವೂ ಬದಲಾಗಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ನಾವು ಎಷ್ಟೋ ಕಡೆ ಕರ್ತೃವನ್ನೇ ಬರೆಯುವುದಿಲ್ಲ. ‘ಬಾಗಿಲು ತೆರೆದಳು. ಯಾರೂ ಇರಲಿಲ್ಲ.’ ಇಲ್ಲಿ ‘ಅವಳು’ ಎಂದು ಹುಡುಕಿದರೆ ಏನು ಸಿಗುತ್ತದೆ? ಆದ್ದರಿಂದ ಮುದ್ರಿಸಿಕೊಳ್ಳಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿ, ಪೆನ್ಸಿಲ್ ಹಿಡಿದು ಗಟ್ಟಿಯಾಗಿ ಓದಿ.

ಆದರೆ ಏನನ್ನೂ ತಿದ್ದಬೇಡಿ. ಮೊದಲ ಓದಿನಲ್ಲಿ ಸಾವಿತ್ರಮ್ಮ ಏಕವಚನದಲ್ಲಿರುವ ಕಡೆ ಅಂಚಿನಲ್ಲಿ ಒಂದು ಗೆರೆ, ಬಹುವಚನದಲ್ಲಿರುವ ಕಡೆ ಎರಡು ಗೆರೆ ಎಳೆಯಿರಿ. ಆ ದೃಶ್ಯವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ನನ್ನ ಅನುಮಾನ, ಇದು ಬರೀ ಅಜಾಗರೂಕತೆ ಅಲ್ಲ. ‘ಅವಳು’ ಎನ್ನುವಾಗ ನಿರೂಪಕ ಆಕೆಯ ಪಕ್ಕದಲ್ಲೇ ಕೂತಿರುತ್ತಾನೆ. ‘ಅವರು’ ಎನ್ನುವಾಗ ಹೊಸ್ತಿಲಿನಾಚೆ ನಿಂತಿರುತ್ತಾನೆ. ನಿಮ್ಮ ಕೈಗೆ ಇದು ಗೊತ್ತಿದ್ದಿರಬಹುದು.

ಬಸವನಗುಡಿ ಓದುಗ

ಮೇಲಿನವರು ಹೇಳಿದ್ದು ಸರಿ. ನಾನು ಒಂದು ಮಾತು ಸೇರಿಸುತ್ತೇನೆ. ಕಥೆ 1986ರದ್ದು ಎಂದಿರಿ. ನಿಮ್ಮ ಪಾತ್ರಗಳು ಬಿಎಂಟಿಸಿ ಬಸ್ ಹತ್ತಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಬಿಎಂಟಿಸಿ ಆದದ್ದು 1997ರಲ್ಲಿ. ಅಲ್ಲಿಯವರೆಗೆ ಬೆಂಗಳೂರಿನ ಸಿಟಿ ಬಸ್ ಎಂದರೆ ನಮಗೆಲ್ಲ ಬಿಟಿಎಸ್. ಆ ಕಾಲದಲ್ಲಿ ಓಡಾಡಿದವರಿಗೆ ಅಂಥ ಒಂದು ಪದ ಕಂಡರೂ ಕಥೆಯ ಮೇಲಿನ ನಂಬಿಕೆ ಸಡಿಲವಾಗುತ್ತದೆ.

ವಠಾರದ ಕಥೆ

ಹಳೆಯ ಪ್ರತಿ ತಂಗಿಯ ಇಮೇಲಿನಲ್ಲಿ ಸಿಕ್ಕಿತು. ಬಿಟಿಎಸ್ ಬದಲು ಬಿಎಂಟಿಸಿ ಎಂದು ಬರೆದ ತಪ್ಪು ಎರಡು ಕಡೆ ಇತ್ತು, ಧನ್ಯವಾದ.

ಹತ್ತು ದಿನ ಓದಿದೆ. ಸರ್, ನಿಮ್ಮ ಅನುಮಾನ ನಿಜ. ಆಕೆ ಒಬ್ಬಳೇ ಇರುವ ದೃಶ್ಯಗಳಲ್ಲಿ ಬಹುತೇಕ ಒಂದೇ ಗೆರೆ. ಸೊಸೆ ನೋಡುವ ಕಡೆಯೆಲ್ಲ ಎರಡು. ಕೆಟ್ಟಿರುವುದು ಒಂಬತ್ತನೆಯ ಅಧ್ಯಾಯ: ಅಡುಗೆಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಇದ್ದಾರೆ, ನಾನು ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಪ್ಯಾರಾ ನಡುವೆಯೇ ಜಿಗಿದಿದ್ದೇನೆ. ಇಷ್ಟು ದಿನ ಸರ್ವನಾಮದ ತಪ್ಪು ಎಂದುಕೊಂಡಿದ್ದೆ.

ಕೆಂಪು ಪೆನ್ಸಿಲ್

ಹಾಗಾದರೆ ಆ ಅಧ್ಯಾಯವನ್ನು ಪೂರ್ತಿ ಸೊಸೆಯ ಕಣ್ಣಿನಿಂದಲೇ ಮತ್ತೆ ಬರೆದು ನೋಡಿ. ಅತ್ತೆ ಏನು ಯೋಚಿಸಿದರು ಎಂಬುದನ್ನು ತೆಗೆದುಬಿಡಿ, ಕೈ ಏನು ಮಾಡಿತು ಎಂಬುದಷ್ಟೇ ಇರಲಿ. ಉಳಿದ 22 ಅಧ್ಯಾಯಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ವಠಾರದ ಕಥೆ

ಬೆಳಿಗ್ಗೆ ಶುರು ಮಾಡಿದೆ. ಮೊದಲು ಹೀಗಿತ್ತು: ‘ಸೊಸೆ ತನ್ನನ್ನು ಕಡೆಗಣಿಸುತ್ತಿದ್ದಾಳೆ ಎಂದು ಅವಳಿಗೆ ದುಃಖವಾಯಿತು.’ ಈಗ: ‘ಅತ್ತೆ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದರು.’