ಅಪ್ಪ 51ಕ್ಕೆ ಹೋದರು, ನನಗೀಗ 41. ಹೃದಯದ ವಿಷಯದಲ್ಲಿ ಮೊದಲು ಏನು ಮಾಡಬೇಕು?

ಅರಸೀಕೆರೆ ಡ್ರೈವರ್ (ಪ್ರಶ್ನೆ):

ನಮಸ್ಕಾರ ಎಲ್ಲರಿಗೂ. ನನ್ನ ಊರು ಅರಸೀಕೆರೆ ಹತ್ತಿರ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದೇನೆ. ಅಪ್ಪ 51ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಚಿಕ್ಕಪ್ಪನಿಗೆ ಸ್ಟೆಂಟ್, ಅಂದರೆ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿದ್ದಾರೆ. 2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತಲ್ಲ, ಆಗ ನಾನೂ ಹೆದರಿ ಜಯದೇವ ಆಸ್ಪತ್ರೆಗೆ ಹೋಗಿದ್ದೆ. ಆ ಸಾಲು ನೋಡಿ ವಾಪಸ್ ಬಂದೆ. ಆಮೇಲೆ ಮರೆತೇಬಿಟ್ಟೆ.

ಹೋದ ವಾರ ಹೆಂಡತಿಯ ಕಾಟ ತಡೆಯಲಾರದೆ ರಕ್ತ ಪರೀಕ್ಷೆ ಮಾಡಿಸಿದೆ. ಕೆಟ್ಟ ಕೊಬ್ಬು, ಅಂದರೆ ಎಲ್‌ಡಿಎಲ್, 158. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 6.1. ಬಿಪಿ 146/94. ಸೊಂಟ 102 ಸೆಂಟಿಮೀಟರ್. ದಿನಕ್ಕೆ ಏಳೆಂಟು ಸಿಗರೇಟು. ನೋವು ಗೀವು ಏನೂ ಇಲ್ಲ. ಸ್ಟ್ಯಾಂಡಿನಲ್ಲಿ ಒಬ್ಬ "ಮಾತ್ರೆ ಶುರು ಮಾಡಿದರೆ ಸಾಯೋ ತನಕ ಬಿಡೋಕಾಗಲ್ಲ" ಅನ್ನುತ್ತಾನೆ. ಇನ್ನೊಬ್ಬ "ಎಂಟು ಸಾವಿರ ಕೊಟ್ಟು ಫುಲ್ ಬಾಡಿ ಚೆಕಪ್ ಮಾಡಿಸು" ಅನ್ನುತ್ತಾನೆ. ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ. ಏನು ಮಾಡಿದಿರಿ, ಏನು ಮಾಡದೆ ಕೆಟ್ಟಿರಿ?

ಮಂಡ್ಯ ಮೇಷ್ಟ್ರು:

ತಮ್ಮಾ, ಮಾಡದೆ ಕೆಟ್ಟವನು ನಾನು, ಅದಕ್ಕೇ ಉದ್ದ ಬರೆಯುತ್ತೇನೆ.

ಆಗ ನನಗೆ 49. ಮಧ್ಯಾಹ್ನ ಬೀಗರೂಟ ಮುಗಿಸಿ ಬಂದಿದ್ದೆ. ರಾತ್ರಿ ಹತ್ತರ ಹೊತ್ತಿಗೆ ಎದೆ ಉರಿ ಶುರುವಾಯಿತು. ಬೀಗರೂಟ ಉಂಡವನಿಗೆ ಎದೆ ಉರಿದರೆ ಯಾರು ತಾನೇ ಹೃದಯ ಅಂದುಕೊಳ್ಳುತ್ತಾರೆ? ಜೀರಿಗೆ ಕಷಾಯ ಕುಡಿದೆ. ನಿಂಬೆಹಣ್ಣಿನ ಸೋಡಾ ಕುಡಿದೆ. ಎರಡು ಸಲ ತೇಗು ಬಂತು, ಸಮಾಧಾನವೂ ಆಯಿತು. ಆ ತೇಗೇ ನನಗೆ ಮೋಸ ಮಾಡಿದ್ದು. ರಾತ್ರಿ ಮೂರಕ್ಕೆ ಎಚ್ಚರವಾದಾಗ ಬನಿಯನ್ ಹಿಂಡುವಷ್ಟು ಬೆವರು. ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗೆ ಭಾರ. ಚುಚ್ಚುವ ನೋವಲ್ಲ, ಭಾರ. ಮಗನಿಗೆ ಮಾರನೆಯ ದಿನ ಪರೀಕ್ಷೆ ಇತ್ತು. ಎಬ್ಬಿಸಬಾರದು ಅಂತ ನಾನೇ ಸ್ಕೂಟರ್ ಹತ್ತಿ ಹೋದೆ. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಅಲ್ಲಿ ಮೊದಲ ಇಸಿಜಿಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮನೆಗೆ ಹೋಗಿ ಅಂದರು. ನಾನೂ ಖುಷಿಯಾಗಿ ಎದ್ದೆ. ಚೀಟಿ ಬರೆಯುತ್ತಿದ್ದ ಹುಡುಗ "ಸಾರ್, ಒಂದು ಗಂಟೆ ಕೂತಿರಿ" ಅಂದ. ಮತ್ತೆ ನೋವು ಬಂತು. ಎರಡನೇ ಇಸಿಜಿಯಲ್ಲಿ ಬದಲಾವಣೆ ಇತ್ತು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯಾ ಅಂತ ತೋರಿಸುವ ಟ್ರೊಪೊನಿನ್ ರಕ್ತ ಪರೀಕ್ಷೆಯೂ ಪಾಸಿಟಿವ್. ಬೆಳಗಾಗುವ ಹೊತ್ತಿಗೆ ಆಂಜಿಯೋಗ್ರಾಂ ಆಗಿ, ಒಂದು ಸ್ಟೆಂಟ್ ಬಿದ್ದಿತ್ತು. ಒಂದು ಸಲದ ಇಸಿಜಿ ಸರಿ ಇದೆ ಅಂದರೆ ಹೃದಯ ಸರಿ ಇದೆ ಅಂತ ಅಲ್ಲ. ಅದು ಆ ಕ್ಷಣದ ಫೋಟೊ ಅಷ್ಟೇ. ನೋವು ನಿಲ್ಲದಿದ್ದರೆ ಮತ್ತೆ ತೆಗೆಯಿರಿ ಅಂತ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಏಳು ತಿಂಗಳಿಗೆ ಮೈ ಹಗುರಾಯಿತು ಅಂತ ರಕ್ತ ತೆಳುವಾಗುವ ಮಾತ್ರೆ ಬಿಟ್ಟೆ. ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು ಅಂತ ಡಾಕ್ಟರ್ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಹಲ್ಲು ಕೀಳಿಸುವುದಕ್ಕೂ ಅವರನ್ನು ಕೇಳದೆ ಆ ಮಾತ್ರೆ ನಿಲ್ಲಿಸಬೇಡಿ.

ತಾಲೂಕು ಆಸ್ಪತ್ರೆ ನರ್ಸ್:

ಮೇಷ್ಟ್ರ ಕಥೆ ನಮ್ಮಲ್ಲಿ ವಾರಕ್ಕೆರಡು ಬರುತ್ತದೆ. ಎಲ್ಲರೂ ಮೊದಲು ಹೇಳುವ ಮಾತು ಒಂದೇ: "ಗ್ಯಾಸು ಅಂದುಕೊಂಡ್ವಿ ಸಿಸ್ಟರ್." ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ.

ಅಣ್ಣ, ನೋವು ಬಂದರೆ ಕ್ಯಾಬ್ ನೀವೇ ಓಡಿಸಿಕೊಂಡು ಬರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಪಕ್ಕದವರನ್ನು ಎಬ್ಬಿಸಿ. ದಾರಿಯಲ್ಲಿ ಹೃದಯದ ಬಡಿತ ಕೆಟ್ಟರೆ ಸ್ಟೀರಿಂಗ್ ಹಿಡಿಯುವವರು ಯಾರು? ಬಾಗಿಲಿಗೆ ಬಂದ ತಕ್ಷಣ "ಎದೆ ನೋವು, ಇಸಿಜಿ ಮಾಡಿ" ಅನ್ನಿ. ಹತ್ತು ನಿಮಿಷದೊಳಗೆ ಆಗಬೇಕು ಅನ್ನುವುದು ನಿಯಮ. ಓಪಿಡಿ ಚೀಟಿ ಸಾಲಿನಲ್ಲಿ ನಿಲ್ಲಬೇಡಿ. ಎಷ್ಟೋ ಜನ ಸಂಕೋಚಕ್ಕೆ ನಿಂತಿರುತ್ತಾರೆ.

ಈಗ ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅದಕ್ಕೆ ಸೇರಿದ ತಾಲೂಕು ಆಸ್ಪತ್ರೆಯಲ್ಲಿ ನಾವು ಇಸಿಜಿ ತೆಗೆದು ಕಳಿಸುತ್ತೇವೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಕೆಲವೇ ನಿಮಿಷದಲ್ಲಿ ಹೇಳುತ್ತಾರೆ. ರಕ್ತನಾಳ ಪೂರ್ತಿ ಕಟ್ಟಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಲ್ಲೇ ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತೇವೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆದರೆ ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಅದರ ಕೆಲಸವೇ ಬೇರೆ. ಹನ್ನೆರಡು ಗಂಟೆ ಕಳೆದು ಬಂದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ, ಸತ್ತ ಸ್ನಾಯು ಮತ್ತೆ ಬರುವುದಿಲ್ಲ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ. ನಡುರಾತ್ರಿ ಹುಡುಕುವ ವಿಷಯ ಅಲ್ಲ ಅದು.

ಆಸ್ಪಿರಿನ್ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಯಲ್ಲಿ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, 300 ಮಿಲಿಗ್ರಾಂ ಜಗಿದು ನುಂಗಬಹುದು. ಆಂಬುಲೆನ್ಸ್‌ಗೆ ಹೇಳಿದ ಮೇಲೆ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮಾತ್ರ ಡಾಕ್ಟರ್ ಹೇಳದೆ ಇಡಬೇಡಿ, ಬಿಪಿ ಕಡಿಮೆ ಇದ್ದರೆ ಕುಸಿದು ಬೀಳುತ್ತೀರಿ. ಜೋರಾಗಿ ಕೆಮ್ಮಿದರೆ ಬದುಕುತ್ತೀರಿ ಅನ್ನುವ ವಾಟ್ಸಾಪ್ ಮೆಸೇಜ್ ಇದೆಯಲ್ಲ, ಅದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಕೆಮ್ಮುತ್ತಾ ಕೂತು ಹೊತ್ತು ಕಳೆದವರನ್ನು ನೋಡಿದ್ದೇನೆ.

ಉಡುಪಿ ಮಗಳು:

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಅಮ್ಮನಿಗೆ ಎದೆ ನೋವೇ ಬರಲಿಲ್ಲ. 62 ವರ್ಷ, ಹದಿನೈದು ವರ್ಷದ ಶುಗರ್. ದೇವಸ್ಥಾನದ ಮೆಟ್ಟಿಲು ಹತ್ತುವಾಗ ದವಡೆ ನೋವು. ಕೂತರೆ ಐದು ನಿಮಿಷದಲ್ಲಿ ಮಾಯ. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಒಂದು ದವಡೆ ಹಲ್ಲು ಕೀಳಿಸಿದೆವು! ಪಾಪ, ಗಟ್ಟಿ ಹಲ್ಲು. ನೋವು ಹೋಗಲಿಲ್ಲ. ಎರಡು ತಿಂಗಳ ನಂತರ ಉಸಿರು ಕಟ್ಟಿ, ವಾಂತಿ ಬಂದು, ಸುಸ್ತಾಗಿ ಮಲಗಿದಾಗ ಗೊತ್ತಾಯಿತು. ಮೂರು ರಕ್ತನಾಳದಲ್ಲಿ ಬ್ಲಾಕ್ ಇತ್ತು, ಬೈಪಾಸ್ ಆಯಿತು.

ನಡೆದಾಗ ಬಂದು, ಕೂತಾಗ ಹೋಗುವ ನೋವು ಎಲ್ಲಿ ಬಂದರೂ, ಅದು ದವಡೆಯಾಗಲಿ, ಭುಜವಾಗಲಿ, ಹೊಟ್ಟೆಯ ಮೇಲ್ಭಾಗವಾಗಲಿ, ಹೃದಯದ ಡಾಕ್ಟರಿಗೆ ತೋರಿಸಿ. ಶುಗರ್ ಇದ್ದವರಿಗೆ ನರಗಳು ಮಂದವಾಗಿ ನೋವೇ ಗೊತ್ತಾಗದೆ ಇರಬಹುದಂತೆ.

ಆಮೇಲೆ ಆ ಡಾಕ್ಟರ್ ನನ್ನ ಕಡೆ ತಿರುಗಿ, "ಬಸುರಿಯಾಗಿದ್ದಾಗ ಬಿಪಿ ಜಾಸ್ತಿ ಆಗಿತ್ತಾ?" ಅಂತ ಕೇಳಿದರು. ಆಗಿತ್ತು. ಹೆರಿಗೆ ಆದ ಮೇಲೆ ಇಳಿಯಿತು ಅಂತ ಬಿಟ್ಟಿದ್ದೆವು. ಅಂಥವರಿಗೆ, ಬಸುರಿಯಲ್ಲಿ ಶುಗರ್ ಬಂದವರಿಗೆ, ಮುಂದೆ ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿಯಂತೆ. ಎರಡು ಹೆರಿಗೆಯಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಇಲ್ಲಿ ಓದುತ್ತಿರುವ ಅಕ್ಕ ತಂಗಿಯರು ನೆನಪಿಟ್ಟುಕೊಳ್ಳಿ.

ಸುಮ್ನೆ ಕೇಳ್ತೀನಿ:

ದಿನಾ ಜಿಮ್ ಮಾಡುತ್ತಿದ್ದ ಅಪ್ಪುಗೇ 46ಕ್ಕೆ ಹೀಗಾಯಿತು. ಹಣೆಬರಹ ಬಿಟ್ಟು ಇನ್ನೇನಿದೆ? ವಾಕಿಂಗು, ಮಾತ್ರೆ ಎಲ್ಲ ಸುಮ್ನೆ.

ಕುಂದಾಪುರ ಟು ಶಾರ್ಜಾ:

ಅಪ್ಪು ತೀರಿಕೊಂಡ ದಿನ, 2021ರ ಅಕ್ಟೋಬರ್ 29ರಂದು, ನಾನೂ ಹೀಗೇ ಅಂದುಕೊಂಡಿದ್ದೆ ಮಾರಾಯ್ರೇ. ಆದರೆ ಯೋಚನೆ ಮಾಡಿ. ಮೈಕಟ್ಟು ನೋಡಿ ರಕ್ತನಾಳದ ಒಳಗೇನಿದೆ ಅಂತ ಹೇಳುವುದಕ್ಕಾಗುತ್ತದಾ? ಅದಕ್ಕೇ ತಾನೇ ಪರೀಕ್ಷೆ ಮಾಡಿಸುವುದು. ಸೀಟ್ ಬೆಲ್ಟ್ ಹಾಕಿದವರೂ ಸಾಯುತ್ತಾರೆ ಅಂತ ನಮ್ಮ ಡ್ರೈವರ್ ಅಣ್ಣ ಬೆಲ್ಟ್ ಬಿಚ್ಚಿ ಓಡಿಸುತ್ತಾರಾ?

ನನ್ನ ವಿಷಯ: 38ರಲ್ಲಿ ಎಲ್‌ಡಿಎಲ್ 204 ಬಂತು. ನಾನು ಸಪೂರ ಮನುಷ್ಯ, ಸಿಗರೇಟಿಲ್ಲ, ಕುಡಿತ ಇಲ್ಲ. 190 ದಾಟಿದರೆ ವಂಶದಲ್ಲೇ ಇರಬಹುದು ಅಂತ ಅಣ್ಣ, ತಂಗಿ, ನನ್ನ ಮಗ ಎಲ್ಲರಿಗೂ ಮಾಡಿಸಿದರು. ಅಣ್ಣನಿಗೂ ಇತ್ತು. ಲಿಪೊಪ್ರೋಟೀನ್ ಎ ಅಂತ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಿನ ಕಣದ ಪರೀಕ್ಷೆ ಇದೆ. ಅದು ಹುಟ್ಟಿನಿಂದ ಬರುವಂಥದ್ದು, ಊಟದಿಂದ ಹೆಚ್ಚು ಕಡಿಮೆ ಆಗುವುದಿಲ್ಲ. ಹಾಗಾಗಿ ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮ್ಮ ತಂದೆಯವರದು 51. ಈ ಮಾತನ್ನು ಅವರು ಕೇಳುವ ಮೊದಲೇ ನೀವು ಹೇಳಿ.

ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆಗೆ ನಾನೂ ಹೆದರಿದ್ದೆ. ಮೊದಲ ತಿಂಗಳು ತೊಡೆ ನೋವು ಬಂತು. ಬಿಟ್ಟುಬಿಡಲಿಲ್ಲ, ಹೋಗಿ ಹೇಳಿದೆ. ಬೇರೆ ಸ್ಟ್ಯಾಟಿನ್ ಕೊಟ್ಟರು, ನೋವು ಹೋಯಿತು. ಈಗ ಎಲ್‌ಡಿಎಲ್ 92. ಊರಿಗೆ ಬಂದಾಗ ಜನೌಷಧಿ ಅಂಗಡಿಯಲ್ಲಿ ಕೊಳ್ಳುತ್ತೇನೆ, ಸೋವಿ. "ಸಾಯೋ ತನಕ ಬಿಡೋಕಾಗಲ್ಲ" ಅನ್ನುತ್ತಾರಲ್ಲ, ಕನ್ನಡಕ ಹಾಕಿದವರು ಹಾಗೆ ಅಳುತ್ತಾರಾ?

ಒಂದೇ ಜಗಳ ಉಳಿದಿದೆ. ಮೀನಿಗೆ ತೆಂಗಿನೆಣ್ಣೆ ಬಿಟ್ಟು ಬೇರೆ ಹಾಕು ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿ 91 ವರ್ಷ ಬದುಕಿದ್ದರು.

ತಾಲೂಕು ಆಸ್ಪತ್ರೆ ನರ್ಸ್:

ನಿಮ್ಮ ಅಜ್ಜಿ ಗದ್ದೆಗೂ ಮನೆಗೂ ನಡೆದಷ್ಟು ನೀವು ನಡೆಯುತ್ತೀರಾ ಸಾರ್? ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಬಹಳ, ಎಲ್‌ಡಿಎಲ್ ಏರಿಸುತ್ತದೆ. 204 ಬಂದವರು ಕೈ ಬಿಗಿ ಹಿಡಿಯಲೇಬೇಕು. ಮೀನು ಕರಿಯುವ ಬದಲು ಸಾರು ಮಾಡಿ, ಒಗ್ಗರಣೆಗೆ ಒಂದು ಚಮಚ ಹಾಕಿಕೊಳ್ಳಿ. ನನಗೆ ಹೆಚ್ಚು ಭಯ ತೆಂಗಿನೆಣ್ಣೆಯದಲ್ಲ. ಸ್ಟ್ಯಾಂಡ್ ಪಕ್ಕದ ಬೋಂಡಾ ಬಾಣಲೆಯಲ್ಲಿ ಮೂರು ದಿನ ಕುದ್ದ ಎಣ್ಣೆಯದು, ಬೇಕರಿಯ ಡಾಲ್ಡಾದ್ದು.

ಉಪ್ಪಿನ ಲೆಕ್ಕ ಯಾರೂ ಮಾಡುವುದಿಲ್ಲ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಖಾರ ಬೂಂದಿ ಸೇರಿಸಿದರೆ ಮಧ್ಯಾಹ್ನದ ಊಟಕ್ಕೇ ಮುಗಿದುಹೋಗುತ್ತದೆ. ಮುದ್ದೆ, ಸೊಪ್ಪಿನ ಸಾರು ತಿನ್ನುವವರು ಅದನ್ನೇ ತಿನ್ನಿ. ಓಟ್ಸ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಹೊಸಕೋಟೆ ಟೆಂಪೊ:

ಗುರು, ನಾನೂ ಸ್ಟೀರಿಂಗ್ ಮನುಷ್ಯನೇ. ಹಾಸನದಲ್ಲಿ ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರೂ ಇದ್ದರಲ್ಲ, ಅದು ಕೇಳಿದ ಮೇಲೆ ನಾನು ಬೀಡಿ ಬಿಟ್ಟೆ. ಎರಡು ಸಲ ಸೋತು ಮೂರನೇ ಸಲಕ್ಕೆ ಗೆದ್ದೆ. 1800-112-356 ಅಂತ ಸರ್ಕಾರದ ಟೋಲ್ ಫ್ರೀ ನಂಬರ್ ಇದೆ, ತಂಬಾಕು ಬಿಡುವವರಿಗೆ. ಕನ್ನಡದಲ್ಲೇ ಮಾತಾಡಿದರು. ಮೊದಲ ವಾರ ಅವರೇ ಫೋನ್ ಮಾಡಿ ವಿಚಾರಿಸಿದರು. ನಿಕೋಟಿನ್ ಗಮ್ ಜಗಿದೆ. ಊಟ ಆದ ತಕ್ಷಣ ಬರುವ ಚಟವೇ ಕಷ್ಟ. ಆಗ ಗಾಡಿ ಬಿಟ್ಟು ಹತ್ತು ನಿಮಿಷ ನಡೆಯುತ್ತಿದ್ದೆ. ಒಂದು ವರ್ಷ ಬಿಟ್ಟರೆ ಸೇದುವವರಿಗೆ ಇರುವ ಹೆಚ್ಚಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ ಅಂತ ಅವರು ಹೇಳಿದ್ದು ತಲೆಯಲ್ಲಿ ಕೂತಿತ್ತು. ಏಳೆಂಟರಿಂದ ಎರಡಕ್ಕೆ ಇಳಿಸುತ್ತೇನೆ ಅನ್ನಬೇಡ. ನಾನು ಆ ಆಟ ನಾಲ್ಕು ವರ್ಷ ಆಡಿದ್ದೇನೆ. ಗುಟ್ಕಾಗೆ ಬದಲಾಯಿಸಿದರೆ ಬಿಟ್ಟ ಹಾಗಲ್ಲ.

ಎಂಟು ಸಾವಿರದ ಪ್ಯಾಕೇಜ್ ಬೇಡ. ಬಿಪಿ, ಶುಗರ್, ಕೊಬ್ಬಿನ ಪರೀಕ್ಷೆ, ಕಿಡ್ನಿಯ ಕ್ರಿಯಾಟಿನಿನ್, ಒಂದು ಇಸಿಜಿ, ಇಷ್ಟು ಇಟ್ಟುಕೊಂಡು ಡಾಕ್ಟರ ಹತ್ತಿರ ಹೋಗು. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ, ಹೃದಯದ ಸ್ಕ್ಯಾನ್ ಎಕೊ ಬೇಕೋ ಬೇಡವೋ ಅವರೇ ಹೇಳುತ್ತಾರೆ. ಉಳಿದ ದುಡ್ಡಲ್ಲಿ ತೋಳಿಗೆ ಕಟ್ಟುವ ಬಿಪಿ ಮಷೀನ್ ತಗೋ. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಸುಮ್ಮನೆ ಕೂತು, ಎರಡೆರಡು ಸಲ ನೋಡಿ ಬರೆದಿಡು. ನನ್ನದು ಟ್ರಾಫಿಕ್‌ನಿಂದ ಇಳಿದ ತಕ್ಷಣ ಮೇಲಿನ ಬಿಪಿ 158 ತೋರಿಸುತ್ತಿತ್ತು, ಬೆಳಗ್ಗೆ 136.

ಅರಸೀಕೆರೆ ಡ್ರೈವರ್ (ಏಳು ವಾರದ ನಂತರ):

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ. ನೀವು ಹೇಳಿದ ಹಾಗೆ ಒಂದು ವಾರದ ಬಿಪಿ ಬರೆದುಕೊಂಡು ಹೋದೆ. ಅಪ್ಪನ ವಿಷಯ ಮೊದಲೇ ಹೇಳಿದೆ. ಡಾಕ್ಟರ್ ಚೀಟಿ ನೋಡಿ, "ಇದನ್ನ ಯಾರು ಹೇಳಿಕೊಟ್ಟರು?" ಅಂದರು. ಬಿಪಿಗೆ ಒಂದು, ಕೊಬ್ಬಿಗೆ ಒಂದು ಮಾತ್ರೆ ಶುರುವಾಗಿದೆ. ಬಿಪಿ 130/80ರ ಒಳಗೆ ಬರಬೇಕಂತೆ, ಈಗ 134/84. ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಕಾಯುವಾಗ ಸೀಟು ಮಲಗಿಸಿಕೊಂಡು ಮೊಬೈಲ್ ನೋಡುತ್ತಿದ್ದವನು ಈಗ ಅರ್ಧ ಗಂಟೆ ಸುತ್ತುತ್ತೇನೆ. ಹುಡುಗರು ನಗುತ್ತಾರೆ. ಇಬ್ಬರು ಜೊತೆಗೂ ಬರುತ್ತಿದ್ದಾರೆ.

ಸಿಗರೇಟು ಬಿಟ್ಟು 23 ದಿನ. ನಡುವೆ ಒಂದು ಸೇದಿದೆ, ಸುಳ್ಳು ಹೇಳುವುದಿಲ್ಲ.

ನಮ್ಮಣ್ಣ ಊರಲ್ಲೇ ಇದ್ದಾನೆ, 46 ವರ್ಷ. ಇದುವರೆಗೂ ಒಂದು ಸಲವೂ ಬಿಪಿ ನೋಡಿಸಿಲ್ಲ. ಫೋನಲ್ಲಿ ಹೇಳಿದರೆ "ನಂಗೇನಾಗಿದೆ?" ಅನ್ನುತ್ತಾನೆ. ಭಾನುವಾರ ಬಿಪಿ ಮಷೀನ್ ತಗೊಂಡು ಊರಿಗೆ ಹೊರಟಿದ್ದೇನೆ. ಅತ್ತಿಗೆಗೆ ಮಾತ್ರ ಹೇಳಿದ್ದೇನೆ, ಅವನಿಗೆ ಹೇಳಿಲ್ಲ.