ರಾಯಚೂರು ಬಿಸಿಲು, ಆರ್‌ಸಿಸಿ ಮನೆ: ಎಸಿ ಹಾಕದೆ 15 ಸಾವಿರದೊಳಗೆ ಮನೆ ತಂಪು ಮಾಡಿ ಕರೆಂಟ್ ಇಳಿಸೋದು ಹೇಗೆ?

ರಾಯಚೂರು ಮನೆ (ಫೆಬ್ರವರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರಲ್ಲಿ ಒಂದೇ ಅಂತಸ್ತಿನ ಆರ್‌ಸಿಸಿ ಮನೆ, ಸುಮಾರು 900 ಚದರಡಿ. ಮೊದಲು ಇದೇ ಜಾಗದಲ್ಲಿ ಮಣ್ಣಿನ ಮಾಳಿಗೆ ಮನೆ ಇತ್ತು. ಏಪ್ರಿಲ್ ಮಧ್ಯಾಹ್ನ ಒಳಗೆ ಬಂದು ಮಲಗಿದರೆ ನಿದ್ದೆ ಹತ್ತುತ್ತಿತ್ತು. ಈಗಿನ ಮನೆಯಲ್ಲಿ ಹಗಲು ಹೇಗೋ ಕಳೆಯುತ್ತೆ, ರಾತ್ರಿಯದ್ದೇ ಕಷ್ಟ. ಹತ್ತು ಗಂಟೆಗೆ ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿದರೆ ಆಗ ತಾನೇ ಒಲೆಯಿಂದ ಇಳಿಸಿದ ಹಂಚಿನ ಥರ ಬಿಸಿ. ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿ ಕೆಳಗೆ ಬರುತ್ತೆ. ಅವ್ವನಿಗೆ 76 ವರ್ಷ, ಹೋದ ಬೇಸಿಗೆಯಲ್ಲಿ ಒದ್ದೆ ಟವೆಲ್ ಎದೆ ಮೇಲೆ ಹಾಕಿಕೊಂಡು ಕೂತೇ ರಾತ್ರಿ ಕಳೆದರು. ಈ ಸಲ ಹಾಗೆ ಆಗಬಾರದು ಅಂತ ಈಗಲೇ ಕೇಳುತ್ತಿದ್ದೇನೆ.

ಇನ್ನೊಂದು ಬಿಲ್ಲಿನ ವಿಷಯ. ಗೃಹಜ್ಯೋತಿಯಲ್ಲಿ ನಮಗೆ 154 ಯೂನಿಟ್ ಉಚಿತ (2022-23ರ ಸರಾಸರಿ 140, ಅದರ ಮೇಲೆ ಶೇ 10). ಹೋದ ಏಪ್ರಿಲ್‌ನಲ್ಲಿ 236 ಆಯ್ತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ, ಎರಡು ಸಾವಿರದ ಹತ್ತಿರ ಬಂತು. ನನ್ನ ಗಂಡ ಕಂತಿನಲ್ಲಿ ಎಸಿ ತರೋಣ ಅಂತಾರೆ. ನನಗೆ ಮನಸ್ಸಿಲ್ಲ. ಬಿಲ್ಲಿನ ಭಯ ಒಂದು. ಇನ್ನೊಂದು ಏನಂದರೆ ಶಕ್ತಿನಗರದ ಕರೆಂಟ್ ತಯಾರಿಸೋ ಸ್ಥಾವರ ನಮಗೆ ಹತ್ತಿರವೇ, ಬಸ್ಸಲ್ಲಿ ಆ ಕಡೆ ಹೋದಾಗಲೆಲ್ಲ ಚಿಮಣಿಗಳು ಕಾಣುತ್ತವೆ. ಕಲ್ಲಿದ್ದಲಿನ ರೈಲು ಬರೋದು ನೋಡುತ್ತಲೇ ಬೆಳೆದವಳು ನಾನು. ನಾವು ಒಳಗೆ ತಣ್ಣಗೆ ಮಲಗೋಕೆ ಅಲ್ಲಿ ಇನ್ನಷ್ಟು ಸುಡಬೇಕು, ಅದರಿಂದ ಬಿಸಿಲು ಇನ್ನಷ್ಟು ಏರಬೇಕು ಅನ್ನೋದು ಸರಿ ಕಾಣಲ್ಲ.

ಕೈಯಲ್ಲಿ 15 ಸಾವಿರ ಇದೆ. ಮನೆಯಲ್ಲಿ ನಾಲ್ಕು ಹಳೇ ಫ್ಯಾನ್, ಒಂದು ಕೂಲರ್, ಫ್ರಿಜ್, ಇನ್ವರ್ಟರ್, ಸಂಪಿನಿಂದ ಟ್ಯಾಂಕಿಗೆ ಒಂದು ಮೋಟಾರು. ಮೊದಲು ಯಾವುದಕ್ಕೆ ಕೈ ಹಾಕಲಿ?

ತೊಗರಿ ಕಣಜ (ಕಲಬುರಗಿ)

ಅಕ್ಕಾರೆ, ಮೊದಲು ಟೆರೇಸಿಗೆ ಸುಣ್ಣ ಹೊಡಿಸಿ. ಉಳಿದದ್ದೆಲ್ಲ ಆಮೇಲೆ.

ನಿಮ್ಮ ರೂಮಿಗೆ ಬರುತ್ತಿರೋ ಬಿಸಿ ಮೇಲಿಂದ ಬರುತ್ತಿದೆ. ಒಂದಂತಸ್ತಿನ ಮನೆಗೆ ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲು ಬೀಳೋದು ಸ್ಲ್ಯಾಬಿನ ಮೇಲೇ. ಕಾಂಕ್ರೀಟು ಹಗಲಿಡೀ ಬಿಸಿ ಕುಡಿದು ಇಟ್ಟುಕೊಳ್ಳುತ್ತೆ, ಸಂಜೆ ಹೊರಗೆ ತಂಪಾದ ಮೇಲೆ ನಿಧಾನಕ್ಕೆ ಒಳಗೆ ಬಿಡುತ್ತೆ. ಅದಕ್ಕೇ ನಿಮಗೆ ರಾತ್ರಿ ಹತ್ತಕ್ಕೆ ಸೀಲಿಂಗ್ ಸುಡೋದು. ಕಪ್ಪಾದ ಹಳೇ ಸಿಮೆಂಟು ಬಿಸಿಲನ್ನ ಜಾಸ್ತಿ ಹೀರುತ್ತೆ, ಬಿಳೀದು ವಾಪಸ್ ಕಳಿಸುತ್ತೆ. ಅಹಮದಾಬಾದಿನಲ್ಲಿ ಬಡವರ ಮನೆಗಳ ಛಾವಣಿಗೆ ಬಿಳಿ ಬಣ್ಣ ಹೊಡೆಯೋ ಕೆಲಸ 2017ರಿಂದಲೇ ನಡೀತಿದೆ. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆ ಒಂದು ನೀತಿಯನ್ನೇ ತಂದಿತು. ಇದು ಹೊಸ ವಿದ್ಯೆ ಏನಲ್ಲ.

ನಾನು ಮಾಡೋ ರೀತಿ ಹೇಳ್ತೀನಿ. ಪೌಡರ್ ಸುಣ್ಣ ಸಿಗುತ್ತೆ, ಆದರೆ ನನಗೆ ಕಲ್ಲು ಸುಣ್ಣವೇ ಹಿಡಿಸಿದ್ದು. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ಹಾಕಿ, ಆಮೇಲೆ ಸುಣ್ಣದ ಕಲ್ಲು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಕೊತಕೊತ ಕುದಿಯುತ್ತೆ. ಪ್ಲಾಸ್ಟಿಕ್ ಡ್ರಮ್ ಬೇಡವೇ ಬೇಡ, ಮಕ್ಕಳನ್ನ ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕ ಕೈಗೆ ಗ್ಲೌಸು ಇರಲಿ. ಒಂದು ರಾತ್ರಿ ಬಿಟ್ಟು ಮಾರನೇ ದಿನ ಹಳೇ ಪಂಚೆಯಲ್ಲಿ ಸೋಸಿ, ಅಂಟು ಬೆರೆಸಿ. ಅಂಟು ಹಾಕದಿದ್ದರೆ ಕಾಲಿಗೆಲ್ಲ ಬಿಳಿ ಪುಡಿ ಅಂಟುತ್ತೆ. ಅಷ್ಟರಲ್ಲಿ ಟೆರೇಸ್ ಗುಡಿಸಿ ಪಾಚಿ ಕೆರೆದು ತೊಳೆದು, ಬಿರುಕಿದ್ದರೆ ಬಿಳಿ ಸಿಮೆಂಟಲ್ಲಿ ಮುಚ್ಚಿರಬೇಕು.

ಒಂದು ಮಾತು ಮರೀಬೇಡಿ. ಮಧ್ಯಾಹ್ನ ಹೊಡಿಸಬೇಡಿ. ಸುಡೋ ಕಾಂಕ್ರೀಟಿಗೆ ಹೊಡೆದರೆ ಹಚ್ಚಿದ ತಕ್ಷಣ ಒಣಗಿ ಹಪ್ಪಳದ ಥರ ಎದ್ದು ಬರುತ್ತೆ. ನನ್ನ ಮೊದಲ ವರ್ಷದ ಕೆಲಸ ಹೀಗೇ ಹಾಳಾಯ್ತು. ಸಂಜೆ ಐದರ ಮೇಲೆ ನೆಲಕ್ಕೆ ನೀರು ಚಿಮುಕಿಸಿ ಒದ್ದೆ ಇರುವಾಗಲೇ ಒಂದು ಕೋಟು, ಮರುದಿನ ಸಂಜೆ ಅಡ್ಡಡ್ಡ ಇನ್ನೊಂದು ಕೋಟು. ಮಳೆಗಾಲದಲ್ಲಿ ಒಂದಷ್ಟು ತೊಳೆದು ಹೋಗುತ್ತೆ, ಪ್ರತಿ ವರ್ಷ ಶಿವರಾತ್ರಿ ಆಸುಪಾಸು ಮತ್ತೆ ಮಾಡಬೇಕು. ಹೋದ ವರ್ಷ ನಮ್ಮ 800 ಚದರಡಿಗೆ ಸಾಮಾನು, ಕೂಲಿ ಸೇರಿ ಮೂರು ಸಾವಿರ ದಾಟಲಿಲ್ಲ. ರೂಮಿನಲ್ಲಿ ಥರ್ಮಾಮೀಟರ್ ತೂಗು ಹಾಕಿದ್ದೆ, ಸುಣ್ಣಕ್ಕೆ ಮೊದಲು ಮತ್ತು ಆಮೇಲೆ, ಹೊರಗೆ ಒಂದೇ ಥರ ಬಿಸಿಲಿದ್ದ ದಿನಗಳಲ್ಲಿ 3 ಡಿಗ್ರಿ ವ್ಯತ್ಯಾಸ ಕಂಡಿತು. ಮೂರೇನಾ ಅನ್ನಬೇಡಿ, ಮಲಗಿ ನೋಡಿದವರಿಗೆ ಗೊತ್ತು.

ಹುಬ್ಬಳ್ಳಿ ವೈರ್‌ಮನ್

ಸುಣ್ಣದ ಮಾತು ಒಪ್ಪಿದೆ. ಆದರೆ ಯೂನಿಟ್ ಎಲ್ಲಿ ಹೋಗ್ತಿದೆ ಅಂತ ನೋಡದೆ ಏನೂ ಕೊಳ್ಳಬೇಡಿ. 22 ವರ್ಷದಿಂದ ಮನೆ ವೈರಿಂಗ್ ಮಾಡ್ತಿದ್ದೀನಿ. ಎಲ್ಲರೂ ಬಲ್ಬಿನ ಮೇಲೆ ಅನುಮಾನ ಪಡ್ತಾರೆ, ಎಲ್‌ಇಡಿ ಹಾಕಿದ ಮೇಲೆ ಬಲ್ಬಲ್ಲಿ ಉಳಿಸೋಕೆ ಜಾಸ್ತಿ ಏನೂ ಉಳಿದಿಲ್ಲ.

ಹೀಗೆ ಮಾಡಿ. ಒಂದು ವಾರ ದಿನಾ ರಾತ್ರಿ ಒಂಬತ್ತಕ್ಕೆ ಮೀಟರ್ ರೀಡಿಂಗ್ ಒಂದು ನೋಟ್‌ಬುಕ್ಕಲ್ಲಿ ಬರೀರಿ. ಆಮೇಲೆ ಒಂದಿನ ಮನೇಲಿ ಫ್ಯಾನು, ಲೈಟು, ಫ್ರಿಜ್ ಎಲ್ಲ ಬಂದ್ ಮಾಡಿ ಮೀಟರಿನ ಮುಂದೆ ನಿಲ್ಲಿ. ಕೆಂಪು ದೀಪ ಮಿನುಗಬಾರದು. ಮಿನುಗಿದರೆ ಏನೋ ತಿಂತಿದೆ ಅಂತ ಅರ್ಥ. ಮೀಟರಿನ ಮೇಲೆ ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಬರೆದಿರುತ್ತೆ, ಬಹಳ ಮೀಟರುಗಳಲ್ಲಿ 3200 ಇರುತ್ತೆ. ನಿಮ್ಮ ಪಟ್ಟಿಯಲ್ಲಿ ನನಗೆ ಅನುಮಾನ ಇರೋದು ಇನ್ವರ್ಟರ್ ಬ್ಯಾಟರಿ ಮೇಲೆ. ಐದಾರು ವರ್ಷದ ಹಳೇ ಬ್ಯಾಟರಿ ಆದರೆ ಚಾರ್ಜ್ ತುಂಬೋದೇ ಇಲ್ಲ, ಇಪ್ಪತ್ನಾಲ್ಕು ಗಂಟೆ ಎಳೀತಾನೇ ಇರುತ್ತೆ, ಮುಟ್ಟಿದರೆ ಬೆಚ್ಚಗಿರುತ್ತೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ದಿನ ಆಯ್ತು ನೋಡಿ. ಸೆಟ್‌ಟಾಪ್ ಬಾಕ್ಸ್ ರಿಮೋಟಲ್ಲಿ ಆಫ್ ಮಾಡಿದರೆ ಆಫ್ ಆಗಲ್ಲ, ಗೋಡೆ ಸ್ವಿಚ್ಚೇ ಆರಿಸಬೇಕು. ಮೋಟಾರು ಹಾಕಿ ಮರೆತು ಟ್ಯಾಂಕ್ ತುಂಬಿ ಹರಿಯೋ ಅಭ್ಯಾಸ ಇದ್ದರೆ ನೀರೂ ಹೋಯ್ತು, ಕರೆಂಟೂ ಹೋಯ್ತು.

ಆಮೇಲೆ ಫ್ಯಾನು. ಹಳೇ ಫ್ಯಾನು 75 ವಾಟ್ ತಗೊಳ್ಳುತ್ತೆ. ಬೇಸಿಗೇಲಿ 18 ಗಂಟೆ ಓಡಿದರೆ ದಿನಕ್ಕೆ 1.35 ಯೂನಿಟ್, ತಿಂಗಳಿಗೆ 40. ಬಿಎಲ್‌ಡಿಸಿ ಫ್ಯಾನು (ಕಮ್ಮಿ ಕರೆಂಟಲ್ಲಿ ಓಡೋ ಹೊಸ ಥರದ ಮೋಟಾರಿಂದು) 30 ವಾಟ್ ಆಸುಪಾಸು, ತಿಂಗಳಿಗೆ 16. ಅಂದರೆ ಒಂದು ಫ್ಯಾನಿಗೆ 24 ಯೂನಿಟ್ ಉಳಿಯುತ್ತೆ. ನಾಲ್ಕೂ ಬದಲಾಯಿಸಬೇಡಿ, ಜಾಸ್ತಿ ಓಡೋ ಎರಡು ಸಾಕು. ಎರಡೂವರೆಯಿಂದ ಮೂರು ಸಾವಿರಕ್ಕೆ ಒಂದು ಸಿಗುತ್ತೆ. ಹಾಕಿಸುವಾಗ ಹಳೇ ರೆಗ್ಯುಲೇಟರ್ ತೆಗೆಸಿ ನೇರ ಕನೆಕ್ಷನ್ ಕೊಡಿಸಿ. ರೆಗ್ಯುಲೇಟರ್ ತೆಗೆಯದೆ ಹಾಗೇ ಹಾಕಿದರೆ ಫ್ಯಾನಿನ ಒಳಗಿನ ಬೋರ್ಡ್ ಹೋಗಬಹುದು, ಅಂಥವು ನನ್ನ ಕೈಗೆ ರಿಪೇರಿಗೆ ಬಂದಿವೆ. ನಿಮ್ಮ ಕಡೆ ಬೇಸಿಗೇಲಿ ವೋಲ್ಟೇಜ್ ಬೀಳುತ್ತಲ್ಲ, ಆಗಲೂ ಇದು ವೇಗ ಕಳಕೊಳ್ಳಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೂ ಜಾಸ್ತಿ ಹೊತ್ತು ಬರುತ್ತೆ.

ಬಾಡಿಗೆ ಮನೆ ಬೆಂಗಳೂರು

ನಾವು ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದೀವಿ, ಟೆರೇಸ್ ಓನರದ್ದು. ಫ್ಯಾನ್ ಬದಲಾಯಿಸಿದೆವು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು ಅನ್ನೋದೇ ಸಮಾಧಾನ. ಫ್ರಿಜ್ ಬಗ್ಗೆ ಒಂದು: ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ, ಎಳೆದರೆ ಸಲೀಸಾಗಿ ಬಂದರೆ ರಬ್ಬರ್ ಬೀಡಿಂಗ್ ಸಡಿಲ ಆಗಿದೆ. ನಮ್ಮದು ಹಾಗಿತ್ತು. ಹೊಸ ಬೀಡಿಂಗ್ ಹಾಕಿಸಿ, ಗೋಡೆಯಿಂದ ಒಂದು ಗೇಣು ಮುಂದೆ ಎಳೆದ ಮೇಲೆ ಮೋಟಾರಿನ ಸದ್ದು ನಡುನಡುವೆ ನಿಲ್ಲೋಕೆ ಶುರುವಾಯ್ತು. ಮೊದಲು ಅದು ನಿಂತದ್ದೇ ನೆನಪಿಲ್ಲ.

ದಾವಣಗೆರೆ ಸೋಲಾರ್

ಇಷ್ಟೆಲ್ಲ ಯಾಕೆ, ನೇರ ಸೋಲಾರ್ ಪ್ಯಾನೆಲ್ ಹಾಕಿಸಿ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30 ಸಾವಿರ, 2 ಕಿಲೋವಾಟಿಗೆ 60 ಸಾವಿರ, 3 ಅಥವಾ ಅದಕ್ಕಿಂತ ಜಾಸ್ತಿಗೆ 78 ಸಾವಿರ ಸಬ್ಸಿಡಿ ಇದೆ. ರಾಯಚೂರು ಬಿಸಿಲಿಗೆ 1 ಕಿಲೋವಾಟಿನಿಂದ ದಿನಕ್ಕೆ ನಾಲ್ಕು ಯೂನಿಟ್ ಆರಾಮಾಗಿ ಬರುತ್ತೆ. ಪ್ಯಾನೆಲ್ ಕೆಳಗೆ ಟೆರೇಸಿಗೆ ನೆರಳೂ ಆಗುತ್ತೆ.

ಹುಬ್ಬಳ್ಳಿ ವೈರ್‌ಮನ್

ಸೋಲಾರ್ ಬೇಡ ಅನ್ನೋನಲ್ಲ ನಾನು. ಆದರೆ ಸಬ್ಸಿಡಿ ಹಣ ಕೆಲಸ ಮುಗಿದ ಮೇಲೆ ಬರುತ್ತೆ, ಮೊದಲು ಕೈಯಿಂದ ಹಾಕಬೇಕು. ಅಕ್ಕನ ಹತ್ತಿರ ಇರೋದು 15 ಸಾವಿರ. ಇನ್ನೊಂದು, 236 ಯೂನಿಟ್ ಸುಡೋ ಮನೆಗೆ ಬೇಕಾದಷ್ಟು ಪ್ಯಾನೆಲ್ 160 ಸುಡೋ ಮನೆಗೆ ಬೇಡ. ಸೋರೋ ಕೊಡಕ್ಕೆ ದೊಡ್ಡ ನಲ್ಲಿ ಯಾಕೆ? ಮೊದಲು ತೂತು ಮುಚ್ಚಿ, ಎರಡು ವರ್ಷ ಬಿಟ್ಟು ದುಡ್ಡು ಕೂಡಿದಾಗ ಚಿಕ್ಕದು ಹಾಕಿಸಲಿ.

ತೊಗರಿ ಕಣಜ

ಕೂಲರ್ ಬಗ್ಗೆ ಹೇಳೋದು ಮರೆತೆ. ನಮ್ಮ ಕಡೆಯದ್ದು ಒಣ ಬಿಸಿಲು, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ. (ಮಂಗಳೂರಲ್ಲಿ ನಮ್ಮ ಷಡ್ಡಕ ಒಂದು ತಗೊಂಡು ಸುಮ್ನೆ ಮೂಲೆಗೆ ಇಟ್ಟಿದ್ದಾರೆ, ಅಲ್ಲಿನ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುತ್ತೆ.) ಆದರೆ ರೂಮಿನೊಳಗೆ ಇಟ್ಟು ಬಾಗಿಲು ಮುಚ್ಚಿದರೆ ಅರ್ಧ ಗಂಟೆಗೆ ಮೈ ಅಂಟಂಟು. ಕಿಟಕಿ ಹೊರಗೆ ಇಡಿ, ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಉಳಿದ ಕಿಟಕಿ ಮುಚ್ಚಿ, ಕತ್ತಲಾದ ಮೇಲೆ ಎಲ್ಲ ತೆರೀರಿ. ಸೊಳ್ಳೆಗೆ ಜಾಲರಿ ಹಾಕಿಸಿ.

ರಾಯಚೂರು ಮನೆ (ಮೇ)

ಎಲ್ಲರಿಗೂ ತುಂಬಾ ಧನ್ಯವಾದ. ಏನು ಮಾಡಿದೆವು ಅಂತ ಹೇಳಲೇಬೇಕು ಅಂತ ಬಂದೆ.

ಶಿವರಾತ್ರಿ ಆದ ಮಾರನೇ ವಾರ ಸುಣ್ಣ ಹೊಡೆದೆವು. ಎರಡನೇ ಕೋಟು ನಾನು, ಮಗಳು ಸೇರಿ ಹಿಡಿ ಕಟ್ಟಿದ ಪೊರಕೆಯಲ್ಲೇ ಹೊಡೆದೆವು. ಹಗಲು ಮೇಲೆ ಹೋದರೆ ಕಣ್ಣು ಬಿಡೋಕೆ ಆಗಲ್ಲ ಅಷ್ಟು ಬಿಳುಪು. ಮೊದಲು ಸಂಡಿಗೆ ಹಾಕೋಕೆ ಹೋದರೆ ಚಪ್ಪಲಿ ಇಲ್ಲದೆ ಕಾಲಿಡೋಕಾಗುತ್ತಿರಲಿಲ್ಲ, ಈ ಸಲ ಮಧ್ಯಾಹ್ನ ಎರಡಕ್ಕೆ ಬರಿಗಾಲಲ್ಲಿ ಅಷ್ಟುದ್ದ ನಡೆದು ಬಂದೆ. ರಾತ್ರಿ ಹತ್ತಕ್ಕೆ ಸೀಲಿಂಗ್ ಮುಟ್ಟಿದರೆ ಬೆಚ್ಚಗಿದೆ, ಸುಡಲ್ಲ.

ವೈರ್‌ಮನ್ ಅಣ್ಣ ಹೇಳಿದ ಹಾಗೆ ಎಲ್ಲ ಬಂದ್ ಮಾಡಿ ಮೀಟರ್ ಮುಂದೆ ನಿಂತೆವು. ದೀಪ ಮಿನುಗುತ್ತಲೇ ಇತ್ತು! ಬ್ಯಾಟರಿಯೇ. ಏಳು ವರ್ಷದ್ದು, ನೀರು ಪೂರ್ತಿ ತಳ ಕಂಡಿತ್ತು, ಆದರೂ ಎಳೆಯುತ್ತಿತ್ತು. ಎರಡು ಬಿಎಲ್‌ಡಿಸಿ ಫ್ಯಾನ್ ಹಾಕಿದ ಮೇಲೆ ಇನ್ವರ್ಟರಿಗೆ ಚಿಕ್ಕ ಬ್ಯಾಟರಿಯೇ ಸಾಕಾಯ್ತು, ಹಳೇದನ್ನ ಅಂಗಡಿಗೆ ಕೊಟ್ಟು ಬದಲಾಯಿಸಿದೆವು. ಸುಣ್ಣ, ಫ್ಯಾನು, ಬ್ಯಾಟರಿ ಎಲ್ಲ ಸೇರಿ 15 ಸಾವಿರದ ಮೇಲೆ ಒಂದೆರಡು ಸಾವಿರ ಆಯ್ತು.

ಏಪ್ರಿಲ್ ಬಿಲ್ 168 ಯೂನಿಟ್. ಹೋದ ಏಪ್ರಿಲ್‌ಗಿಂತ 68 ಕಡಿಮೆ. ಉಚಿತದ 154 ಕಳೆದು 14ಕ್ಕೆ ಮಾತ್ರ ಕಟ್ಟಿದೆವು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಮಗಳು ಲೆಕ್ಕ ಹಾಕಿದಳು, ಒಂದೇ ತಿಂಗಳಿಗೆ 48 ಕೆಜಿ ಹತ್ತಿರ ಆಗುತ್ತೆ. ಅದನ್ನ ಮೀಟರ್ ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟಿದ್ದಾಳೆ. ಅವ್ವ ಈ ಬೇಸಿಗೆಯಲ್ಲಿ ಮಲಗಿ ನಿದ್ದೆ ಮಾಡಿದರು. ಎಸಿ ಮಾತು ಮನೆಯಲ್ಲಿ ಯಾರೂ ಎತ್ತಿಲ್ಲ.

ಒಂದು ಉಳಿದಿದೆ. ಅಡುಗೆಮನೆಯ ಪಶ್ಚಿಮದ ಗೋಡೆಗೆ ಮಧ್ಯಾಹ್ನ ಮೂರರಿಂದ ನೇರ ಬಿಸಿಲು, ಅಲ್ಲೊಂದು ದೊಡ್ಡ ಕಿಟಕಿ ಬೇರೆ. ದಪ್ಪ ಪರದೆ ಹಾಕಿದ್ದೇನೆ, ಏನೂ ಪ್ರಯೋಜನ ಇಲ್ಲ. ಇದಕ್ಕೇನು ಮಾಡಲಿ?

ತೊಗರಿ ಕಣಜ

ಓದಿ ಬಹಳ ಖುಷಿ ಆಯ್ತು ಅಕ್ಕಾರೆ. ಪರದೆ ಒಳಗಿದ್ದರೆ ಅಷ್ಟೇ, ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತೆ, ಪರದೆಯೇ ಕಾದು ರೂಮಿಗೆ ಬಿಸಿ ಬಿಡುತ್ತೆ. ನೆರಳು ಹೊರಗಡೆ ಬೇಕು. ಸದ್ಯಕ್ಕೆ ಕಿಟಕಿ ಹೊರಗೆ ಬಿದಿರಿನ ಚಾಪೆ ಇಳಿಬಿಡಿ. ಗೋಡೆಗೆ ಒಂದಡಿ ಬಿಟ್ಟು ಎರಡು ಕಂಬ ನೆಟ್ಟು ತಂತಿ ಕಟ್ಟಿ. ಮೊದಲ ಮಳೆ ಬೀಳಲಿ, ಪಕ್ಕದವರ ಹತ್ತಿರ ತೊಂಡೆ ಬಳ್ಳಿ ಇದ್ದರೆ ಪೆನ್ಸಿಲ್ ದಪ್ಪದ ಎರಡು ತುಂಡು ಕೇಳಿ ತಂದು ಬುಡಕ್ಕೆ ನೆಡಿ. ಪಾತ್ರೆ ತೊಳೆದ ನೀರು ಅಲ್ಲಿಗೇ ಹರೀಲಿ. ಬರೋ ಮಾರ್ಚಿಗೆ ಗೋಡೆ ಮುಚ್ಚಿರುತ್ತೆ, ಕಾಯಿ ಅಂತೂ ಅದಕ್ಕೂ ಮೊದಲೇ ಶುರು.