ಕನ್ನಡ-ಮಲಯಾಳ ಜಾಲತಾಣ: ಬೂಟ್‌ಸ್ಟ್ರಾಪ್ ಬಿಟ್ಟು ಟೇಲ್‌ವಿಂಡ್ ಹಿಡಿಯಬೇಕೇ?

ಪ್ರಶ್ನೆ (ಬದಿಯಡ್ಕದಿಂದ)

ನಮ್ಮೂರಿನ ಗ್ರಂಥಾಲಯಕ್ಕೆ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಜಾಲತಾಣವೊಂದನ್ನು ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದೇನೆ. ವಾರ್ಷಿಕೋತ್ಸವಕ್ಕೆ ಉಳಿದಿರುವುದು ಮೂರೇ ವಾರ. ಪುಟವಿನ್ಯಾಸದ ಸಿದ್ಧ ಚೌಕಟ್ಟಾದ ಬೂಟ್‌ಸ್ಟ್ರಾಪ್ 5.3 ಬಳಸಿದ್ದರಿಂದ ಮುಖಪುಟ ಒಂದೇ ಸಂಜೆಯಲ್ಲಿ ಸಿದ್ಧವಾಯಿತು. ಆದರೆ ಶೀರ್ಷಿಕೆ ಎರಡು ಸಾಲಿಗೆ ಹರಿದಾಗ ‘ವಾರ್ಷಿಕೋತ್ಸವ’ದ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಲ್ಲದೆ, ಅದೇ ನೀಲಿ ಗುಂಡಿಗಳಿಂದಾಗಿ ಎಲ್ಲೋ ನೋಡಿದ ತಾಣದಂತೆಯೇ ಕಾಣುತ್ತದೆ. ಇನ್ನೊಂದು ಚೌಕಟ್ಟಾದ ಟೇಲ್‌ವಿಂಡ್‌ಗೆ ಬದಲಾಯಿಸುವುದು ಲೇಸೇ?

ಉತ್ತರ 1 (ಉಪ್ಪಳದಿಂದ)

ಮೂರು ವಾರದಲ್ಲಿ ಚೌಕಟ್ಟನ್ನೇ ಬದಲಾಯಿಸುವ ಸಾಹಸ ಬೇಡ. ಒತ್ತಕ್ಷರದ ತೊಡಕಿಗೆ ಕಾರಣ ಸರಳ: ಬೂಟ್‌ಸ್ಟ್ರಾಪ್ ಮೈಬರಹಕ್ಕೆ 1.5ರ (ಅಕ್ಷರದ ಅಳತೆಯ ಒಂದೂವರೆ ಪಟ್ಟು) ಸಾಲೆತ್ತರವನ್ನು ಕೊಟ್ಟರೂ ಶೀರ್ಷಿಕೆಗಳಿಗೆ ಕೊಡುವುದು 1.2 ಮಾತ್ರ. ರೋಮನ್ ಲಿಪಿಗೆ ಅಷ್ಟು ಸಾಕು, ಮೇಲೆ ಗುಡಿಸು, ಕೆಳಗೆ ಒತ್ತು ಇರುವ ನಮ್ಮ ಲಿಪಿಗೆ ಸಾಲದು. ಪುಟದ ಲ್ಯಾಂಗ್ ಗುಣದಲ್ಲಿ ಭಾಷೆಯನ್ನು ಸರಿಯಾಗಿ ನಮೂದಿಸಿ, ಕನ್ನಡ ಮತ್ತು ಮಲಯಾಳ ಪುಟಗಳ ಶೀರ್ಷಿಕೆಗಳಿಗೆ 1.5ರಷ್ಟು ಸಾಲೆತ್ತರವನ್ನು ಬರೆದುಬಿಡಿ. ಉದ್ದ ಹೆಸರನ್ನು ಚುಕ್ಕಿಗಳಿಂದ ಮೊಟಕುಗೊಳಿಸುವ ‘ಟೆಕ್ಸ್ಟ್-ಟ್ರಂಕೇಟ್’ ಬಳಸಿದ್ದರೆ ಅದನ್ನೂ ಪರೀಕ್ಷಿಸಿ. ಅದು ಹೊರಚಾಚಿದ್ದನ್ನೆಲ್ಲ ಮರೆಮಾಡುವುದರಿಂದ ಸಾಲೆತ್ತರ ಕಡಿಮೆಯಿದ್ದಲ್ಲಿ ಒತ್ತಿನ ಬಾಲವೇ ಕತ್ತರಿಸಿಹೋಗುತ್ತದೆ.

ಟೇಲ್‌ವಿಂಡ್‌ಗೆ ಹೋದರೂ ಈ ತೊಡಕು ತಪ್ಪುವುದಿಲ್ಲ. ಅಲ್ಲಿ ‘ಟೆಕ್ಸ್ಟ್-5ಎಕ್ಸ್‌ಎಲ್’ ಮತ್ತು ಅದಕ್ಕಿಂತ ದೊಡ್ಡ ಅಕ್ಷರಗಳ ಸಾಲೆತ್ತರ ಬರಿಯ 1!

ಉತ್ತರ 2 (ಪೆರ್ಲದವನು, ಈಗ ಮಂಗಳೂರಿನಲ್ಲಿ)

ನೀಲಿಯ ವಿಚಾರದಲ್ಲಿ ನಾನೂ ಒಂದು ದಿನವನ್ನೇ ಕಳೆದುಕೊಂಡಿದ್ದೆ. ‘ಬಿಎಸ್-ಪ್ರೈಮರಿ’ ಎಂಬ ಸಿಎಸ್‌ಎಸ್ (ಪುಟದ ರೂಪವನ್ನು ಬರೆಯುವ ಭಾಷೆ) ಚರವನ್ನು ಬದಲಾಯಿಸಿದರೆ ಗುಂಡಿಯ ಬಣ್ಣವೂ ಬದಲಾಗುತ್ತದೆಂದು ನಂಬಿದ್ದೆ. ಹಾಗಾಗುವುದಿಲ್ಲ, ಏಕೆಂದರೆ ಪ್ರತಿ ಬಗೆಯ ಗುಂಡಿಗೂ ಅದರದೇ ಚರಗಳಿದ್ದು, ಅವುಗಳ ಬೆಲೆ ಸಾಸ್ ಕಡತಗಳನ್ನು (ಬೂಟ್‌ಸ್ಟ್ರಾಪ್‌ನ ಮೂಲ ಬರಹ) ಕಂಪೈಲ್ ಮಾಡಿ ಸಿಎಸ್‌ಎಸ್ ಆಗಿಸುವಾಗಲೇ ನಿಶ್ಚಯವಾಗಿರುತ್ತದೆ. ಆದ್ದರಿಂದ ಸಾಸ್‌ನಲ್ಲಿ ‘ಪ್ರೈಮರಿ’ ಬಣ್ಣವನ್ನು ಬದಲಾಯಿಸಿ ಮತ್ತೆ ಕಂಪೈಲ್ ಮಾಡಿ. ನಮ್ಮ ಮುರಕಲ್ಲಿನ ಕೆಂಪು ಆಗಬಹುದು, ಆದರೆ ಅದರ ಮೇಲಿನ ಬಿಳಿ ಅಕ್ಷರ ಬಿಸಿಲಿನಲ್ಲಿಯೂ ಓದಲು ಬರುವಷ್ಟು ಗಾಢವಾಗಿರಲಿ.

ಉತ್ತರ 3 (ಕುಂಬಳೆಯಿಂದ)

ಮೆನುವಿನ ಬಗ್ಗೆ ಯಾರೂ ಹೇಳಲಿಲ್ಲ. ‘ನ್ಯಾವ್‌ಬಾರ್-ಎಕ್ಸ್‌ಪಾಂಡ್-ಎಲ್‌ಜಿ’ ಎಂದು ಕೊಟ್ಟರೆ ಪರದೆಯ ಅಗಲ 992 ಪಿಕ್ಸೆಲ್ ಮುಟ್ಟುತ್ತಲೇ ಮೆನು ಬಿಚ್ಚಿಕೊಳ್ಳುತ್ತದೆ. ‘ಹೋಮ್’, ‘ಬುಕ್ಸ್’ ಎಂಬ ಗಿಡ್ಡ ಪದಗಳಿಗೆ ಅದು ಹೊಂದುತ್ತದೆ. ‘ಸದಸ್ಯತ್ವ ನವೀಕರಣ’, ‘ಪುಸ್ತಕಗಳ ಪಟ್ಟಿ’ ಎಂದು ಬರೆಯುವ ನಮಗೆ 1200ರಲ್ಲಿ ಬಿಚ್ಚಿಕೊಳ್ಳುವ ‘ಎಕ್ಸ್‌ಎಲ್’ ವಾಸಿ. ಮಲಯಾಳದ ಪದಗಳು ಇನ್ನೂ ಉದ್ದವಾಗುವುದುಂಟು, ಹಾಗಾಗಿ ಮೊದಲು ಆ ಪುಟವನ್ನೇ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸಾಲೆತ್ತರವನ್ನು 1.5 ಮಾಡಿದೊಡನೆ ಶೀರ್ಷಿಕೆ ಸರಿಯಾಯಿತು, ಮೆನುವೂ ಒಂದೇ ಸಾಲಿಗೆ ಬಂತು. ಬಣ್ಣದ ವಿಚಾರದಲ್ಲಿ ಮಾತ್ರ ಸಮಿತಿಯವರಿಗೆ ಮುರಕಲ್ಲಿನ ಕೆಂಪು ಒಪ್ಪಿಗೆಯಾಗದೆ, ಅಡಿಕೆ ಎಲೆಯ ಹಸಿರನ್ನೇ ಹಾಕಬೇಕೆಂದಿದ್ದಾರೆ. ನಾಳೆ ಮತ್ತೆ ಕಂಪೈಲ್ ಮಾಡುತ್ತೇನೆ.